ಗೆರೆಯ ಕೆಳಗೆ

ಆಗಸ್ಟಿನಲ್ಲಿ ನಮ್ಮ ಕೆಲಸ ಶುರುವಾಗುವುದು
ರಾತ್ರಿ ಹತ್ತರ ಮೇಲೆ.
ಅಲ್ಲಿಯ ತನಕ ರಾಮನದಿಯ ಬಯಲಲ್ಲಿ ಢೋಲಿನ ತಾಲೀಮು,
ಗಣಪತಿಗೆ ಇನ್ನು ಹದಿನೆಂಟೇ ದಿನ.
ಊರಿನ ಹೆಸರು ಪಾಷಾಣ್; ಆದರೂ ಈ ನೆಲಮಾಳಿಗೆಯಲ್ಲಿ
ಗಾಳಿಯ ಕಾಲುಗಳ ಮೇಲೆ ತೇಲುವ ಉಕ್ಕಿನ ಮೇಜು ಕೂಡ
ತಾಳ ಹಾಕುತ್ತದೆ.

ಕೇತಕಿ ಅಲ್ಲಿಂದಲೇ ನೇರ ಬರುತ್ತಾಳೆ,
ಸೊಂಟದಲ್ಲಿ ಹಗ್ಗದ ಬರೆ, ಹೆಬ್ಬೆರಳಿಗೆ ಪಟ್ಟಿ.
ಕೂದಲಿಗೆ ಟೊಪ್ಪಿ ಸಿಕ್ಕಿಸಿ
ಇನ್ನೊಂದು ಢೋಲಿನ ಮುಂದೆ ಕೂರುತ್ತಾಳೆ:
ಅಗಲ ಸಾಸಿವೆಗಿಂತ ಕಡಿಮೆ,
ಈರುಳ್ಳಿ ಪೊರೆಗಿಂತ ಸಾವಿರ ಪಾಲು ತೆಳು,
ಗಾಳಿಯಿಲ್ಲದ ಡಬ್ಬಿಯೊಳಗೆ ಬಿಗಿದ ಚರ್ಮ.
ಬಾರಿಸುವುದು ಬೆಳಕು.
ಕೇಳಿಸಿಕೊಳ್ಳುವುದೂ ಅದೇ ಬೆಳಕು.
ತೊಂದರೆ ಇರುವುದು ಅಲ್ಲೇ.

ನೋಡಿದರೆ ಸಾಕು, ಅಲುಗುತ್ತದೆ.
ಒಮ್ಮೆ ನೋಡಿ ಬಿಟ್ಟುಬಿಡುವ ಹಾಗೂ ಇಲ್ಲ,
ಹಾಲಿಟ್ಟು ಒಲೆ ಮುಂದೆ ನಿಂತವಳ ಹಾಗೆ
ಎವೆಯಿಕ್ಕದೆ ನೋಡುತ್ತಲೇ ಇರಬೇಕು.
ಮೆಲ್ಲಗೆ ನೋಡಿದರೆ ಏನೂ ಕಾಣದು,
ಜೋರಾಗಿ ನೋಡಿದರೆ ಕಾಣುವುದು
ನಾವೇ ಎಬ್ಬಿಸಿದ ನಡುಕ.
ಬೆಳಕು ಬರುವುದು ಕಾಳುಕಾಳಾಗಿ,
ಜತ್ತದ ನಮ್ಮ ಮನೆಯ ಹಗೇವಿಗೆ ಜೋಳ ಸುರಿದ ಹಾಗೆ.
ಆ ಕಾಳಿನ ಸದ್ದಿಗೆ ಪರದೆಯ ಮೇಲೊಂದು ಗೆರೆ.
ಲೇಸರ್ ಎಷ್ಟೇ ಸಾಧುವಾಗಿರಲಿ
ತಾನಾಗಿ ಅದರ ಕೆಳಗೆ ಇಳಿಯದು.
ಎರಡು ವರ್ಷದಿಂದ ಆ ಗೆರೆಯ ಮೇಲೇ ಇದ್ದೇವೆ.

ಇವತ್ತು ಅಳೆಯುವ ಕೋನವನ್ನು ಕೂದಲಷ್ಟು ಕೂದಲಷ್ಟೇ ತಿರುಗಿಸುತ್ತ
ಕೇತಕಿ ಅಂದಳು:
"ಢೋಲಿನ ಹಗ್ಗ ಇಲ್ಲಿ ಜಗ್ಗಿದರೆ ಅಲ್ಲಿ ಸಡಿಲ.
ಸುತ್ತಲೂ ಬಿಗಿ ಅಂತ ಇರುವುದಿಲ್ಲ ಕಣೇ,
ಕೋಲು ಬೀಳುವ ಕಡೆ ಬಿಗಿ ಇದ್ದರೆ ಆಯ್ತು."

ಕಾಳು ಬಡಿದದ್ದನ್ನೆಲ್ಲ ಚರ್ಮ ನೆನಪಿಟ್ಟು
ತಿರುಗಿ ಅದೇ ಬೆಳಕಿನ ಮೇಲೆ ಬರೆದಿತ್ತು.
ಓರೆಯಾಗಿ ಓದಿದರೆ
ಬಡಿತವೂ ಬರಹವೂ ಒಂದನ್ನೊಂದು ಒರೆಸುತ್ತವೆ.
ಎರಡೂಮುಕ್ಕಾಲಿಗೆ ಓದು ಗೆರೆಯಿಂದ ಕೆಳಗೆ ಜಗ್ಗಿತು.

ನಂಬಲಿಲ್ಲ. ಕೇಬಲ್ ಕಿತ್ತು ಸಿಕ್ಕಿಸಿದೆವು,
ಬೆಳಕಿಗೆ ಅಡ್ಡ ಕಾರ್ಡು ಹಿಡಿದೆವು, ತೆಗೆದೆವು.
ಮತ್ತೆ ಜಗ್ಗಿತು. ಸ್ವಲ್ಪವೇ.
ಬರಿಯ ಕತ್ತಲೆಗಿಂತ ಮೆಲುವಾದ ಬೆಳಕು.
ಹಿಂಡಿದ್ದು ಇನ್ನೊಂದು ಕೋನದಲ್ಲಿ ಉಬ್ಬಿ
ಗದ್ದಲ ಮಾಡುತ್ತಿದ್ದದ್ದು ಗೊತ್ತಿತ್ತು;
ಆ ಕಡೆ ನೋಡಲಿಲ್ಲ, ಅಷ್ಟೆ.

ಕೇತಕಿ ಕೂಗಲಿಲ್ಲ,
ಕೂಗಿದ್ದರೆ ಅದೂ ದಾಖಲಾಗುತ್ತಿತ್ತು.
ಎರಡೇ ಬೆರಳಲ್ಲಿ, ಸದ್ದಾಗದಂತೆ,
ತೊಡೆಯ ಮೇಲೆ ಸಂಜೆಯ ಪೆಟ್ಟುಗಳನ್ನು ಬಾರಿಸಿಕೊಂಡಳು.
ನಾನು ಉಸಿರು ಹಿಡಿದು ತಾರೀಕು ಬರೆದೆ.
ಒಂಬತ್ತರ ಬಾಲ ಸ್ವಲ್ಪ ನಡುಗಿದೆ,
ಪುಸ್ತಕ ತೆರೆದರೆ ಈಗಲೂ ಕಾಣುತ್ತದೆ.