ಹದಿನೆಂಟು ಸೆಂಟಿಮೀಟರ್, ಏಳು ಗೆರಿ

ಭರಮಾ ವಿಮಾನದ ಹೊಟ್ಟಿಯಿಂದ ಚೀಲ ಇಳಸಾಂವ.
ಸೋಮವಾರ ಒಂದು ನೀಲಿ ಚೀಲ ಇಳೀತು,
ಯಾರೂ ಕೈ ಚಾಚಲಿಲ್ಲ.
ಸಾಂಬ್ರಾದ ಸಣ್ಣ ಬೆಲ್ಟಿನ ಮ್ಯಾಲೆ
ಏಳು ಸುತ್ತು ಹಾಕಿ ನಿಂತಿತು.
ಚೀಟಿ ಮ್ಯಾಲೆ ಮೂರಽ ಅಕ್ಷರ: ಐ, ಪಿ, ಸಿ.
ಪೊಲೀಸ್ ಕೇಸು ಅಂತ ಎರಡು ಹೆಜ್ಜಿ ಹಿಂದ ಸರದ ಭರಮಾ.
ಅಲ್ಲಪಾ, ಅದೊಂದು ಊರು, ಅಂದ್ರು ಆಫೀಸಿನ್ಯಾಗ,
ಶಾಂತ ಸಾಗರದ ನಡುವ, ಈಸ್ಟರ್ ಅನ್ನೂ ನಡುಗಡ್ಡಿ.
ಅಲ್ಲಿಗೆ ಹೋಗೂದು ಇಲ್ಲಿಗೆ ಬಂದೈತಿ.

ಸಂಜೀಕ ಅವನ ಮಗಳು ಪದ್ಮಶ್ರೀ
ನನ್ನ ಮಶೀನಿನ ಮುಂದ ಸಾಲಿ ಗ್ಲೋಬ್ ಇಟ್ಲು.
"ಕಾಕು, ಒಂದು ದಾರ ಕೊಡ."
ರಶಿಯಾದ ಮ್ಯಾಲೆ ತಗ್ಗು ಬಿದ್ದ ಗ್ಲೋಬು.
ಸುತ್ತಳತಿ ನಲವತ್ತು ಸೆಂಟಿಮೀಟರ್, ನಾನಽ ಟೇಪ್ ಹಚ್ಚಿ ನೋಡಿದೆ.
ಊರಿನ ಎದಿ ಸೊಂಟ ಎಲ್ಲಾ ಅಳದ ಟೇಪು
ಭೂಮಿಗೆ ಸುತ್ತಿದ್ದು ಅವತ್ತಽ ಮೊದಲು.
"ಅಂದ್ರ ಸೆಂಟಿಮೀಟರಿಗೆ ಸಾವಿರ ಕಿಲೋಮೀಟರ್."

ನಾ ಹೆಬ್ಬೆರಳು ಒತ್ತಿದೆ.
ಸಾಂಬ್ರಾ ಒಂದಽ ಅಲ್ಲ, ಹುಬ್ಬಳ್ಳಿ, ಗೋವಾ, ಮುಂಬಯಿ
ಎಲ್ಲಾ ಮುಚ್ಚಿ ಹೋದವು.
ಆಕಿ ಮೂಡಲಕ್ಕ ಎಳದ್ಲು: ಇಪ್ಪತ್ತು.
ಪಡುವಲಕ್ಕ ಎಳದ್ಲು: ಅದೂ ಇಪ್ಪತ್ತು.
"ಅಷ್ಟು ದೂರ ಇದ್ರ
ಯಾವ ಕಡಿಂದ ಹೋದ್ರೂ ಅಷ್ಟಽ ಏನ ಕಾಕು?"
ಉತ್ತರ ಹುಡುಕೂದ್ರಾಗ ಕೈ ಸಡಲಿತು.
ದಾರ ತಾನಾಗಿ ಜಾರಿ ಕೆಳಗ ಇಳೀತು,
ಬಿಳಿ ಬಣ್ಣ ದಾಟೂವಾಗ
ಗ್ಲೋಬಿನ ಕಬ್ಬಿಣದ ಕೀಲಿಗೆ ತಾಗಿ ನಿಂತಿತು.
ಹದಿನೆಂಟು ಸೆಂಟಿಮೀಟರ್, ಏಳು ಗೆರಿ.
ಗೇಣಿಗೂ ಕಮ್ಮಿ.

ಇಪ್ಪತ್ತೆರಡು ತಾಸು, ಭಾಗಿಸಿ ಹೇಳಿದ್ಲು,
ಎಲ್ಲೂ ಇಳೀಲಾರದ ವಿಮಾನ ಇದ್ರ.
ಅಂಥಾದ್ದಿಲ್ಲ.
ಮುಂಬಯಿ, ದೋಹಾ, ಸಾವೊ ಪಾವ್ಲೊ, ಸಾಂತಿಯಾಗೊ,
ಆಮ್ಯಾಲೆ ನಡುಗಡ್ಡಿ, ಅಂದ ಭರಮಾ. ಒಂಬತ್ತು ದಿನ.
"ಹಾರೂದು ಸವ್ವಾ ದಿನ ಅಪ್ಪಾ, ಉಳದದ್ದು ಏನ ಮಾಡತೈತಿ?"
"ಕುಂದರತೈತಿ."
ನಾ ಮಶೀನಿನ ಗಾಲಿ ನೋಡಕೋತ ಸುಮ್ಮನಾದೆ.
ಜಂಪರ್ ಹೊಲಿಯೂದು ಎರಡು ತಾಸಿನ ಕೆಲಸ,
ಗಿರಾಕಿಗೆ ಎಂಟು ದಿನ ಬಿಟ್ಟು ಬಾ ಅಂತೀನಿ.

ಬುಧವಾರ ಕರೆ ಬಂತು. ಚೀಲದ ಹಿಡಿ ಕಿತ್ತಿತ್ತು.
ಕಾವಲಿನಾಂವ ತಲೀ ಮ್ಯಾಲೆ ನಿಂತಾನ,
ನಾ ತಣ್ಣನ್ನ ಫರಶಿ ಮ್ಯಾಲೆ ಕುಂತು ಸೂಜಿ ಪೋಣಿಸಿದೆ.
ಗಡಿಬಿಡ್ಯಾಗ ರೀಲ್ ಮರತಿದ್ದೆ.
ಸೆರಗಿನ ಗಂಟಿನ್ಯಾಗ ಇದ್ದದ್ದು ಅದೊಂದಽ,
ಅವತ್ತಿನ ಕರೀ ದಾರ.
ಆರು ಟಾಕಿ ಬಂದವು. ಕಡೀಕ ಎರಡು ಗಂಟು.
ಉಳದ ತುದಿ ಹಲ್ಲಿಲೆ ಕಡದೆ.
ಒಳಗ ಏನೈತಿ ಅಂತ ನಾ ಕೇಳಲಿಲ್ಲ,
ಹಗೂರ ಇತ್ತು.

ಸಂಜಿ ವಿಮಾನ ನಮ್ಮ ತಗಡು ನಡುಗಿಸಿ ಎದ್ದು ಹೋತು.
ಸದ್ದು ಇಳಿಯೂ ಮೊದಲಽ
ಪದ್ಮಶ್ರೀ ಗ್ಲೋಬ್ ಬಗಲಾಗ ಹಿಡಕೊಂಡು ಬಂದ್ಲು.
"ಕಾಕು, ಇನ್ನೊಂದು ದಾರ ಕೊಡ.
ಹೊಳ್ಳಿ ಬರೂದು ಅಳೀಬೇಕು."
"ಹೊಳ್ಳಿ ಬರೂದೂ ಅಷ್ಟಽ ಅಲ್ಲೇನ?"
"ನೋಡೂಣಲ್ಲ."