ಲಕ್ಕುಂಡಿ ಇಳಿಯೋರು

ರಜಾ ಹಾಕಿದ ಮಂಗಳವಾರ.
ಖಾಕಿ ಇಲ್ಲದ ಮೈಗೆ ಏನೋ ಹಗುರ, ಏನೋ ಕಳಕೊಂಡಂಗ.
ಕಿಟಕಿ ಸೀಟು ಅಪ್ಪಗ, ಪಕ್ಕದ್ದು ನನಗ.
ಒಂಬತ್ತು ವರ್ಷದಾಗ ಈ ದಾರ್ಯಾಗ
ನಾನು ಕುಂತಿದ್ದು ಇದೇ ಮೊದಲು.

"ಏನ ಮೌಲಾಬಿ, ನಮ್ಮನ್ನ ಚೆಕ್ ಮಾಡಾಕ ಬಂದೀ ಏನ?"
ನಮ್ಮ ಡಿಪೋದ ನೀಲವ್ವ ನಕ್ಕಳು.
ನನಗ ಸೊನ್ನೆ ರೂಪಾಯಿ ಟಿಕೆಟ್ಟು.
ಅಪ್ಪನ ಆಧಾರ ಕಾರ್ಡು ಹಳೇ ಅಂಗಿ ಕಿಸೆದಾಗ ಉಳಿದು
ಅಂವಂದು ಪೂರ್ತಿ.
"ಮಗಳು ಕಂಡಕ್ಟರ್ ಆದರೂ ರೊಕ್ಕ ಬಿಡಲಿಲ್ಲ ನೋಡ್ರಿ"
ಅಂತ ಹಿಂದಿನ ಸೀಟಿನವರಿಗೆ ಹೆಮ್ಮೀಲೆ ಹೇಳಿದ.

ದಿನಾ ನಾಕು ಸಲ ಕೂಗತೀನಿ,
ಲಕ್ಕುಂಡಿ ಇಳಿಯೋರು, ಲಕ್ಕುಂಡಿ.
ನಾ ಇಳಿದಿಲ್ಲ ಒಂದು ಸಲನೂ.

ಅಪ್ಪ ಬೆಟಗೇರಿ ಪ್ರೆಸ್ಸಿನ್ಯಾಗ
ಮೂವತ್ತೊಂದು ವರ್ಷ ಮೊಳಿ ಜೋಡಿಸಿದಂವ.
ಮದುವಿ ಕಾರ್ಡು, ಸೊಸೈಟಿ ರಸೀತಿ, ದಿವಸದ ಕಾರ್ಡು,
ಒಮ್ಮೆ ಲಕ್ಕುಂಡಿ ಗುಡಿಗಳ ಪುಸ್ತಿಕೆ:
ಹದಿನಾರು ಪುಟ, ಎರಡು ಸಾವಿರ ಪ್ರತಿ.
ಕಂಬ ಕಂಬಾನೂ ಅಪ್ಪನ ಬೆರಳಿಗೆ ಗೊತ್ತು.
ಕಣ್ಣಿಗೆ ಗೊತ್ತಿಲ್ಲ.

ಅದರಾಗ ಒಂದ ತಪ್ಪು.
ಮುಸುಕಿನ ಬಾವಿ ಅನ್ನೂ ಕಡೆ
ಗುಡಿಸು ಹೋಗಿ ಕೊಂಬು ಬಿದ್ದು
ಮುಸುಕಿನ ಬಾವು ಆಗಿತ್ತಂತ.
ಎರಡು ಸಾವಿರ ಊದಿದ ಬಾವಿಗಳು!
ಮಾಲಕ ಎರಡು ವಾರದ ಪಗಾರ ಹಿಡಿದ.
ಆ ಸಲ ರಮಜಾನಕ್ಕ ನನಗ ಹೊಸ ಲಂಗ ಬರಲಿಲ್ಲ,
ಯಾಕಂತ ಯಾರೂ ಹೇಳಲಿಲ್ಲ.
ಇವತ್ತ ಹೇಳಿದ, ಬಸ್ಸು ಊರು ದಾಟೂ ಮುಂದ,
ನಗಕೋತ, ಹೊರಗ ನೋಡಕೋತ.

ಗುಡಿಯ ಬಾಗಲದ ಕೆತ್ತನಿ ಮುಂದ ಎಲ್ಲಾರೂ ಫೋಟೋ ತಕ್ಕೊಂಡ್ರು.
ಅಪ್ಪ ಶಾಸನದ ಕಲ್ಲು ಹಿಡಕೊಂಡು ಬಗ್ಗಿ ನಿಂತಬಿಟ್ಟ.
ಹಳೇ ಲಿಪಿ, ಅಂವಗ ಓದಾಕ ಬರೂದಿಲ್ಲ.
ಬೆರಳು ಮಾತ್ರ ಸಾಲಿನ ಮ್ಯಾಲೆ ಆಡತಿತ್ತು.
"ಇವಗ ಪ್ರೂಫ್ ತಿದ್ದಿದವರು ಯಾರು?" ಅಂದ.
ನನಗೇನು ಗೊತ್ತು.
"ಕಲ್ಲವಾ ಇದು. ತಪ್ಪಿದರ ಮೊಳಿ ಕಿತ್ತಂಗ ಕೀಳಾಕ ಬರೂದಿಲ್ಲ."

ಅರ್ಧ ತಾಸು. ಬಿಸಲು ನೆತ್ತಿಗೆ ಬಂತು.
ಚೀಲದಾಗ ರೊಟ್ಟಿ, ಎಣಗಾಯಿ ಬೆವರತಿದ್ವು.
ಆಮ್ಯಾಲೆ ಒಮ್ಮೆಲೆ, "ಏ ಬಾ ಇಲ್ಲೆ!"
ಎರಡು ಸಾಲಿನ ನಡುವಿನ ಇರುಕಿನ್ಯಾಗ
ಒಂದು ಸಣ್ಣ ಅಕ್ಷರ, ಹಿಂದಾಗಡೆ ತುರುಕಿದ್ದು.
"ಬಿಟ್ಟಿದ್ದ! ನೋಡಿಲ್ಲೆ, ಬಿಟ್ಟಿದ್ದ ಮಗ!"
ಕಳೆದ ತಮ್ಮ ಸಿಕ್ಕಂಗ ಕಲ್ಲಿನ ಬೆನ್ನು ಚಪ್ಪರಿಸಿದ.
"ಇವನ ಪಗಾರ ಎಷ್ಟು ಹಿಡದಿದ್ದಾರು?"

ಬಾವಿಗೆ ಬರೂದ್ರಾಗ ಎಡ ಮೊಳಕಾಲು ಊದಿತ್ತು.
ಮೆಟ್ಟಲ ನೋಡಿದ, ಮೊಳಕಾಲು ನೋಡಿದ.
"ನಾ ಜೋಡಿಸಿದ್ದ ಖರೇ ಆತು ಬಿಡು. ಬಾವು.
ನೀ ಇಳಿ."

ಇಳಿದೆ.
ಗ್ವಾಡಿ ತುಂಬ ಸಣ್ಣ ಸಣ್ಣ ಗೂಡು,
ದೇವರು ಎದ್ದು ಹೋದ ಗೂಡು,
ಮೊಳಿ ಖಾಲಿ ಮಾಡಿದ ಕೇಸಿನಂಗ.
ತಳದಾಗ ಹಸರು ನೀರು,
ನೀರಾಗ ಅಪ್ಪ ತಲೆಕೆಳಗ,
ಬಿಳೇ ಟೊಪಿಗಿ ಕೆಳಗ, ಚಪ್ಪಲ ಮ್ಯಾಲೆ,
ಸ್ಟಿಕ್ಕಿನ್ಯಾಗ ಒಂದ ಮೊಳಿ ನಿಂತಂಗ.
ಹಂಗ ಇರೂದನ್ನ ಅಂವ ಜಲ್ಮೆಲ್ಲ ಸರಾಗ ಓದಿದ.
ನನಗ ಓದಾಕ ಹೊತ್ತು ಹಿಡೀತು.

"ಎಷ್ಟು ಮೆಟ್ಟಲ?" ಮ್ಯಾಲಿಂದ ಕೂಗಿದ.
ಎಣಿಸಿರಲಿಲ್ಲ.
ಒಂದೊಂದ ಕೂಗಕೋತ ಹತ್ತಿದೆ, ಸ್ಟಾಪು ಕೂಗಿದಂಗ.
ಪ್ರತಿ ಒಂದಕ್ಕೂ ಅಂವ ತಲೆ ಹಾಕಿದ.

ಬುಧವಾರ ಡ್ಯೂಟಿ. ಖಾಕಿ, ಮಶೀನು, ಚಿಲ್ಲರ.
ಲಕ್ಕುಂಡಿ ಇಳಿಯೋರು, ಲಕ್ಕುಂಡಿ,
ಬಾವಿ ನೋಡೋರು ಇದ್ದರ ಇಳೀರಿ,
ಅಂತ ಬಾಯಿಗೆ ಬಂದಬಿಡ್ತು.
ಕೊಪ್ಪಳಕ್ಕ ಹೊಂಟ ಮಂದಿ ನನ್ನ ಮುಖ ನೋಡಿದ್ರು.
ಯಾರೂ ಏಳಲಿಲ್ಲ.
ಡ್ರೈವರ್ ಕನ್ನಡಿಯೊಳಗ ಹುಬ್ಬು ಹಾರಿಸಿದ.
ಇನ್ನೊಂದು ಚೂರು ತಡೆದು
ಸೀಟಿ ಊದಿದೆ.