ಅದೇ ಸಾವಿರ

ರಾದರಮ್, ಎಂಬತ್ನಾಲ್ಕನೇ ಇಸವಿ.
ಉಕ್ಕಿನ ಕುಲುಮೆ ತಣ್ಣಗಾಗಿ ಮೂರು ಚಳಿಗಾಲ.
ನಿರುದ್ಯೋಗಿಗಳ ಕಚೇರಿಯಲ್ಲಿ ನನ್ನದು ನಾಲ್ಕನೇ ಕಿಟಕಿ.
ಗಾಜಿನಾಚೆ ಸಾಲು. ಈಚೆ ನಾನು, ಮುದ್ರೆ, ಶಾಯಿ ಪೆಟ್ಟಿಗೆ,
ಮತ್ತೆ ಲಂಡನ್ನಿನಿಂದ ಬಂದ ಹೊಸ ಸುತ್ತೋಲೆ:

ಸ್ವಂತ ದಂಧೆ ಹೂಡುತ್ತೇನೆಂದವರಿಗೆ
ವಾರಕ್ಕೆ ನಲವತ್ತು ಪೌಂಡು, ಒಂದು ವರುಷ.
ಅದಕ್ಕೆ ಮೊದಲು ತೋರಿಸಬೇಕು
ಬ್ಯಾಂಕಿನಲ್ಲಿ ಸಾವಿರ.

ಓದಿ ನಕ್ಕೆ. ಸಾವಿರ ಇದ್ದವನು
ಈ ಸಾಲಿನಲ್ಲಿ ಯಾಕೆ ನಿಲ್ಲುತ್ತಾನೆ?

ಸೋಮವಾರ ಕ್ಲಿಫ್ ಬ್ರಾಮಾಲ್ ಬಂದ,
ಇಪ್ಪತ್ತೆರಡು ವರುಷ ಕುಲುಮೆಯ ಬಾಯಲ್ಲಿ ನಿಂತು
ಹುಬ್ಬು ಸುಟ್ಟುಕೊಂಡವನು. ಇನ್ನು ಕಿಟಕಿ ತೊಳೆಯುತ್ತಾನಂತೆ.
ಪಾಸ್‌ಬುಕ್ಕು ಜಾರಿಸಿದ: ಒಂದು ಸಾವಿರ, ಸೊನ್ನೆ ಸೊನ್ನೆ.
ಠಪ್ಪೆಂದು ಒತ್ತಿದೆ.

ಮುಂದಿನ ಸೋಮವಾರ ಬೆರಿಲ್ ಆಕ್ಲಮ್. ಮದುವೆ ಕೇಕು.
ಒಂದು ಸಾವಿರ.
ಆಮೇಲೆ ಲ್ಯೂಥರ್ ಪಿನಾಕ್, ಕುರ್ಚಿಗೆ ಬೆತ್ತ ಹೆಣೆಯುವವನು.
ಒಂದು ಸಾವಿರ.
ಗಿಳಿಮರಿ ಸಾಕಿ ಮಾರಲು ಹೊರಟ ಹೆಪ್‌ವರ್ತ್ ಅಣ್ಣತಮ್ಮಂದಿರಿಗೂ
ಒಂದು ಸಾವಿರ.
ಎಲ್ಲರದೂ ಒಂದೇ ಬೀದಿ, ಒಂದೇ ಬ್ಯಾಂಕು,
ಜಮೆಯಾದದ್ದು ಶುಕ್ರವಾರ ಮಧ್ಯಾಹ್ನ.

ನನ್ನ ಕೊರಳು ತುರಿಸಿತು.

ಧಾರವಾಡದಲ್ಲಿ ನನ್ನನ್ನು ನೋಡಲು ಬಂದ ದಿನ
ನಾನು ತೊಟ್ಟದ್ದು ಎದುರುಮನೆ ನೀಲಗಂಗವ್ವನ ಅವಲಕ್ಕಿ ಸರ.
ನಮ್ಮ ಓಣಿಯಲ್ಲಿ ಏಳು ಮದುವೆ ಕುದುರಿಸಿದ್ದು
ಅದೊಂದೇ ಸರ. ಕೊಂಡಿ ಹೋಗಿತ್ತು,
ಹಿಂದೆ ಸೆಣಬಿನ ದಾರ ಕಟ್ಟಿದ್ದರು.
ಬೀಗರು ಎದುರಿನಿಂದಷ್ಟೇ ನೋಡುತ್ತಾರಲ್ಲ.
ಅವ್ವ ತಲೆ ಎತ್ತದೆ ಚಹಾ ಬಗ್ಗಿಸಿದಳು.
ಸಂಜೆಗೆ ಅದು ಮತ್ತೆ ರಸ್ತೆ ದಾಟಿತು.

ಹಾಗಾಗಿ ನಾನು ಯಾರಿಗೂ ಹೇಳಲಿಲ್ಲ. ಒತ್ತುತ್ತ ಹೋದೆ.

ಬೇಸಿಗೆಗೆ ಲಂಡನ್ನಿನ ಅಧಿಕಾರಿ ಬಂದ,
ಕಂಕುಳಲ್ಲಿ ಏರುಗೆರೆಯ ನಕ್ಷೆ.
"ಅಮೆರಿಕಾದವರೂ ಫ್ರಾನ್ಸಿನವರೂ ಇದನ್ನು ಕೇಳಿ ಬರೆದಿದ್ದಾರೆ.
ನೋಡಿ, ಸತ್ತ ಊರು ಅಂದಿದ್ದರು. ಇಲ್ಲಿ
ಹತ್ತೊಂಬತ್ತು ಸಾವಿರ ಬಂಡವಾಳ ಎದ್ದು ಬಂದಿದೆ!"
ಹೌದು ಸರ್, ಅಂದೆ. ಹತ್ತೊಂಬತ್ತು ಸಲ ಎದ್ದು ಬಂದಿದೆ.
ಅದನ್ನೂ ಬರೆದುಕೊಂಡ.

ವರುಷ ತುಂಬಿತು. ನಲವತ್ತು ನಿಂತಿತು.
ಗಿಳಿಗಳಿಗೆ ರೋಗ ಬಡಿಯಿತು.
ಬೆತ್ತದ ಕುರ್ಚಿಯ ಮೇಲೆ ಕೂರುವವರು ಆ ಊರಲ್ಲಿ
ಮೊದಲೇ ಕಡಿಮೆ. ಲ್ಯೂಥರ್ ಮತ್ತೆ ನನ್ನ ಸಾಲಿಗೆ ಬಂದ,
ಗುರುತಿಲ್ಲದವನಂತೆ ಹೆಸರು ಹೇಳಿದ,
ಗುರುತಿಲ್ಲದವಳಂತೆ ಬರೆದುಕೊಂಡೆ.
ಬೆರಿಲ್ ಮಾತ್ರ ಒಲೆ ಎರಡು ಮಾಡಿದಳು.
ಕ್ಲಿಫ್‌ಗೆ ನಮ್ಮ ಕಚೇರಿಯದೇ ಗುತ್ತಿಗೆ: ನಾಲ್ಕನೇ ಕಿಟಕಿಗೆ
ಆತ ಯಾವಾಗಲೂ ಒಂದು ಬಕೀಟು ಹೆಚ್ಚು ಸುರಿಯುತ್ತಾನೆ.

ಸಾವಿರದ ಒಡತಿಯನ್ನು ಕಂಡದ್ದು ಆ ಅಕ್ಟೋಬರಿನಲ್ಲಿ.
ಈಡಿತ್ ಸ್ವಾಲೋ. ಎಪ್ಪತ್ತೊಂದು. ಉಣ್ಣೆಯ ಟೋಪಿ, ಒದ್ದೆ ಬೂಟು.
ಗಂಡ ಹ್ಯಾರಲ್ಡನ ಬಲಗೈಯ ಎರಡು ಬೆರಳನ್ನು
ರೋಲಿಂಗ್ ಮಿಲ್ಲು ನುಂಗಿದಾಗ ಕಂಪನಿ ಕೊಟ್ಟ ಹಣ ಅದು.
ಪಾಸ್‌ಬುಕ್ಕು ತೆರೆದಿಟ್ಟಳು. ಹೋದದ್ದು, ಬಂದದ್ದು,
ಹೋದದ್ದು, ಬಂದದ್ದು, ಪುಟ ತುಂಬ.
ಒಂದೆಡೆ ಬಂದದ್ದು ಒಂಬೈನೂರ ತೊಂಬತ್ತಾರು,
ಕೆಳಗೆ ಎಂಟು ದಿನ ತಡವಾಗಿ, ನಾಲ್ಕು.
"ಗಿಳಿಯ ಹುಡುಗರು," ಅಂದಳು. "ಕಾಳಿಗೆ."

"ನನ್ನದೂ ಬರೆದುಕೋ. ಕಿತ್ತಳೆಯ ಮುರಬ್ಬ ಮಾಡುತ್ತೇನೆ."

ಅರವತ್ತು ದಾಟಿದವರಿಗೆ ಇಲ್ಲ, ಅಂದೆ.
ಅದು ಸುತ್ತೋಲೆಯ ಮೂರನೇ ಪುಟದಲ್ಲಿತ್ತು.

ಅವಳು ಸಿಟ್ಟಾಗಲಿಲ್ಲ. ಗಾಜಿಗೆ ಕಿವಿ ತಂದಳು:
"ಹಾಗಾದರೆ ಒಂದು ಸಲ ಒತ್ತು. ಸದ್ದು ಕೇಳಬೇಕು.
ನಮ್ಮ ಬೀದಿಯಲ್ಲಿ ಎಲ್ಲರೂ ಅದರದೇ ಮಾತಾಡುತ್ತಾರೆ."

ಸುತ್ತೋಲೆಯನ್ನು ಮಗುಚಿ ಹಾಕಿ
ಶಾಯಿ ಹಚ್ಚಿ ಒತ್ತಿದೆ.